ಚಿಮ್ಮುಬಾಲದ ಹುಳುವೂ ಅಡಕೆ ತೋಟದ ಮಣ್ಣೂ

೧. ಪೀಠಿಕೆ

ಮಣ್ಣಿನಲ್ಲಿ ವಾಸಿಸುವ ಹುಳುಗಳ ಪೈಕಿ ರೈತರು ಹೆಸರಿಟ್ಟು ಗುರುತಿಸುವುದು ಕೆಲವನ್ನು ಮಾತ್ರ. ಎರೆಹುಳು ಮಿತ್ರನೆಂದೂ, ಒರಲೆಯೂ ಅಡಕೆಯ ಬೇರನ್ನು ಕಡಿಯುವ ಗೊಣ್ಣೆಹುಳುವೂ ಶತ್ರುಗಳೆಂದೂ ಎಲ್ಲರೂ ಬಲ್ಲರು. ಗಾತ್ರದಲ್ಲಿ ಇವುಗಳಿಗಿಂತ ಬಹಳ ಕಿರಿದೂ, ಸಂಖ್ಯೆಯಲ್ಲಿ ಬಹಳ ಹೆಚ್ಚೂ ಆಗಿರುವ ಇನ್ನೊಂದು ವರ್ಗವುಂಟು. ಮಳೆಗಾಲದಲ್ಲಿ ಕಾರ್ಕಳದ ಅಡಕೆ ತೋಟದಲ್ಲಾಗಲಿ, ಕಾಪುವಿನ ಹಿತ್ತಿಲ ಗೊಬ್ಬರದ ಗುಂಡಿಯಲ್ಲಾಗಲಿ, ಮಣಿಪಾಲದ ಮುರಕಲ್ಲಿನ ಗುಡ್ಡದ ಮರಗಳ ಬುಡದಲ್ಲಾಗಲಿ, ಒದ್ದೆಯಾದ ತರಗೆಲೆಯ ಪದರವನ್ನು ಮೆಲ್ಲನೆ ಎತ್ತಿ ನೋಡಿದರೆ, ಬಿಳಿಯ ಅಥವಾ ಬೂದುಬಣ್ಣದ ಚುಕ್ಕೆಗಳಂತಹ ಜೀವಿಗಳು ಥಟ್ಟನೆ ಹಾರಿ ಕಣ್ಮರೆಯಾಗುವುದನ್ನು ಕಾಣಬಹುದು. ಇಂಗ್ಲಿಷಿನಲ್ಲಿ ಇವುಗಳಿಗೆ ಸ್ಪ್ರಿಂಗ್‌ಟೇಲ್ ಎಂದು ಹೆಸರು. ಬಾಲದ ಬಲದಿಂದ ಚಿಮ್ಮುವುದರಿಂದ ಈ ಲೇಖನದಲ್ಲಿ ಇವನ್ನು ಚಿಮ್ಮುಬಾಲದ ಹುಳುಗಳೆಂದು ಕರೆಯಲಾಗಿದೆ.

ಇವುಗಳಿಂದ ಬೆಳೆಗೆ ನೇರವಾಗಿ ಲಾಭವೂ ನಷ್ಟವೂ ಹೆಚ್ಚಾಗಿ ಕಂಡುಬಾರದಿರುವುದರಿಂದ, ಇವನ್ನು ಗಮನಿಸುವುದೇಕೆಂಬ ಪ್ರಶ್ನೆ ಸಹಜವಾದುದೇ. ಆದರೆ ಈ ವರ್ಗದ ಒಂದು ಬಿಳಿಯ ಜಾತಿಯು ಇಂದು ಲೋಕದ ಅನೇಕ ಪ್ರಯೋಗಶಾಲೆಗಳಲ್ಲಿ ಮಣ್ಣಿನ ಆರೋಗ್ಯಕ್ಕೆ ಸಾಕ್ಷಿಯಾಗಿ ನಿಂತಿದೆ. ಅದರ ಜೀವನಕ್ರಮವನ್ನು ತಿಳಿದಲ್ಲಿ, ನೂರು ವರ್ಷಗಳಿಂದ ಮೈಲುತುತ್ತನ್ನು ಬಳಸುತ್ತ ಬಂದಿರುವ ಅಡಕೆಯ ಸೀಮೆಯ ಯಜಮಾನರಿಗೆ ತಮ್ಮ ಮಣ್ಣಿನ ವಿಷಯದಲ್ಲಿ ಒಂದು ಮುಖ್ಯ ಪ್ರಶ್ನೆಯನ್ನು ಕೇಳಿಕೊಳ್ಳಲು ಸಾಧ್ಯವಾಗುವುದು.

೨. ರೂಪಲಕ್ಷಣ

ಚಿಮ್ಮುಬಾಲದ ಹುಳುಗಳಿಗೆ ಆರು ಕಾಲುಗಳಿದ್ದರೂ ಅವು ನಿಜವಾದ ಕೀಟಗಳಲ್ಲವೆಂದು ಈಗಿನ ಪ್ರಾಣಿಶಾಸ್ತ್ರಜ್ಞರ ಮತ. ಇವುಗಳಿಗೆ ರೆಕ್ಕೆಗಳು ಎಂದಿಗೂ ಹುಟ್ಟುವುದಿಲ್ಲ. ಬಾಯಿಯ ಅಂಗಗಳು ತಲೆಯೊಳಗೆ ಅಡಗಿರುತ್ತವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸುಮಾರು ನಲವತ್ತು ಕೋಟಿ ವರ್ಷಗಳಷ್ಟು ಹಳೆಯ ಶಿಲೆಯಲ್ಲಿ ಇವುಗಳ ಪಳೆಯುಳಿಕೆ ದೊರೆತಿರುವುದರಿಂದ, ನೆಲದ ಮೇಲಿನ ಅತಿ ಪುರಾತನ ಪ್ರಾಣಿಗಳಲ್ಲಿ ಇವೂ ಒಂದೆಂದು ಹೇಳಬಹುದು.

ಪ್ರಕೃತ ವಿಷಯವಾದ ಜಾತಿಗೆ ಶಾಸ್ತ್ರೀಯವಾಗಿ ಫೋಲ್ಸೋಮಿಯ ಕ್ಯಾಂಡಿಡಾ ಎಂದು ಹೆಸರು. ಇದನ್ನು ೧೯೦೨ರಲ್ಲಿ ವಿಲ್ಲೆಮ್ ಎಂಬ ಪ್ರಾಣಿಶಾಸ್ತ್ರಜ್ಞರು ಮೊದಲು ವರ್ಣಿಸಿದರು. ಬೆಳೆದ ಹುಳುವಿನ ಉದ್ದ ಒಂದೂವರೆಯಿಂದ ಮೂರು ಮಿಲಿಮೀಟರು. ಅಂದರೆ ಎಳ್ಳಿನ ಕಾಳನ್ನು ಮೀರುವುದಿಲ್ಲ. ಮೈ ಬೆಳ್ಳಗಿದ್ದು, ಕಣ್ಣುಗಳು ಇಲ್ಲವೇ ಇಲ್ಲ. ಬೆಳಕು ಬಾರದ ಮಣ್ಣಿನ ಸಂದುಗಳಲ್ಲಿಯೂ ಗುಹೆಗಳಲ್ಲಿಯೂ ವಾಸಿಸುವ ಜೀವಿಗೆ ಬಣ್ಣವಾಗಲಿ ಕಣ್ಣಾಗಲಿ ಅಗತ್ಯವಿಲ್ಲವಷ್ಟೆ.

ಹೊಟ್ಟೆಯ ಅಡಿಭಾಗದಲ್ಲಿ ಕವಲೊಡೆದ ಒಂದು ಸಣ್ಣ ಕೋಲಿನಂತಹ ಅಂಗವಿರುತ್ತದೆ. ಸಾಮಾನ್ಯವಾಗಿ ಅದು ಮುಂದಕ್ಕೆ ಮಡಿಸಿ, ಒಂದು ಕೊಂಡಿಗೆ ಸಿಕ್ಕಿಸಲ್ಪಟ್ಟಿರುವುದು. ಅಪಾಯದ ಸೂಚನೆ ಸಿಕ್ಕಿದಾಗ ಕೊಂಡಿ ಬಿಡುತ್ತಲೇ ಆ ಕೋಲು ನೆಲಕ್ಕೆ ಬಡಿದು, ಹುಳುವು ತನ್ನ ಉದ್ದದ ಎಷ್ಟೋ ಪಾಲು ದೂರಕ್ಕೆ ಎಸೆಯಲ್ಪಡುತ್ತದೆ. ಇದಲ್ಲದೆ ಹೊಟ್ಟೆಯ ಮೊದಲ ಭಾಗದಲ್ಲಿ ಒಂದು ಕೊಳವೆಯುಂಟು; ಇದರ ಮೂಲಕ ಹುಳುವು ಮಣ್ಣಿನ ತೇವವನ್ನು ಹೀರುತ್ತದೆ. ಉಸಿರಾಟವು ತೆಳುವಾದ ಚರ್ಮದ ಮೂಲಕವೇ ನಡೆಯುತ್ತದೆ. ಈ ಎರಡು ಸಂಗತಿಗಳನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮಣ್ಣಿನ ನೀರಿನಲ್ಲಿ ಕರಗಿದ ವಿಷವು ಆಹಾರದ ಮೂಲಕವಷ್ಟೇ ಅಲ್ಲದೆ ಮೈಯ ಮೂಲಕವೂ ಇದರೊಳಗೆ ಸೇರುವುದಾದುದರಿಂದ, ಮಣ್ಣಿನಲ್ಲಿ ಆದ ಕೇಡು ಇದಕ್ಕೆ ಬೇಗನೆ ತಟ್ಟುವುದು.

೩. ಆಹಾರ ಮತ್ತು ಮಣ್ಣಿನಲ್ಲಿ ಇದರ ಕೆಲಸ

ಇವುಗಳ ಮುಖ್ಯ ಆಹಾರವು ಮಣ್ಣಿನಲ್ಲಿ ಬೆಳೆಯುವ ಬೂಷ್ಟಿನ ನೂಲುಗಳು. ಅವುಗಳ ಜೊತೆಗೆ ಕೊಳೆತ ಎಲೆ ಮತ್ತು ಸೂಕ್ಷ್ಮಾಣುಗಳು. ತೋಟಕ್ಕೆ ಹಾಕಿದ ಸೊಪ್ಪು ಗೊಬ್ಬರವಾಗುವುದು ಬೂಷ್ಟು ಮತ್ತು ಸೂಕ್ಷ್ಮಾಣುಗಳ ಕೆಲಸದಿಂದ. ಚಿಮ್ಮುಬಾಲದ ಹುಳುಗಳು ಬೂಷ್ಟನ್ನು ಮೇಯ್ದು ಹಳೆಯದನ್ನು ಸವರಿ ಹೊಸದಕ್ಕೆ ಎಡೆಮಾಡುತ್ತವೆ. ಅದರ ಬೀಜಕಣಗಳನ್ನು ಮೈಗೆ ಅಂಟಿಸಿಕೊಂಡು ಅತ್ತಿತ್ತ ಹರಡುತ್ತವೆ. ಬೂಷ್ಟಿನಲ್ಲಿ ಅಡಗಿದ್ದ ಸಾರಜನಕವನ್ನು ತಮ್ಮ ಹಿಕ್ಕೆಯ ಮೂಲಕ ಬೇರಿಗೆ ದಕ್ಕುವಂತೆ ಮಾಡುತ್ತವೆ. ದನಗಳು ಹುಲ್ಲುಗಾವಲನ್ನು ಮೇಯ್ದು ಸಗಣಿಯಿಂದ ಅದನ್ನೇ ಪೋಷಿಸುವಂತೆ ಈ ಕೆಲಸವೆಂದು ತಿಳಿಯಬಹುದು. ಕುಮ್ಕಿ ಜಾಗದ ಸೊಪ್ಪನ್ನೂ ಹಟ್ಟಿಗೊಬ್ಬರವನ್ನೂ ನಂಬಿ ಬಂದಿರುವ ಈ ಕರಾವಳಿಯ ಬೇಸಾಯದಲ್ಲಿ ಇಂತಹ ಕಣ್ಣಿಗೆ ಬೀಳದ ಆಳುಗಳ ಪಾಲು ಅಲ್ಪವೇನಲ್ಲ.

ಚಿಮ್ಮುಬಾಲದ ಹುಳುಗಳಲ್ಲಿ ಕೇಡು ಮಾಡುವ ಜಾತಿಗಳೂ ಕೆಲವು ಉಂಟು. ಆಸ್ಟ್ರೇಲಿಯದಲ್ಲಿ ಒಂದು ಹಸಿರು ಜಾತಿಯು ಮೇವಿನ ಬೆಳೆಯನ್ನು ಕೆಡಿಸುತ್ತದೆ. ಅಣಬೆಯ ಬೇಸಾಯದಲ್ಲಿ ಬಿಳಿಯ ಜಾತಿಗಳು ಅಣಬೆಯ ನೂಲನ್ನೇ ತಿಂದು ನಷ್ಟವನ್ನುಂಟುಮಾಡುತ್ತವೆ. ಆದರೆ ಅಡಕೆ, ತೆಂಗು, ಬತ್ತದ ಜಮೀನುಗಳಲ್ಲಿ ತರಗೆಲೆಯಡಿ ಕಾಣುವ ಹುಳುಗಳಿಗೆ ಹೆದರಿ ಔಷಧ ಹಾಕುವ ಕಾರಣವೇನೂ ಇಲ್ಲ.

೪. ಸಂತಾನವೃದ್ಧಿ

ಈ ಜಾತಿಯ ಅತ್ಯಂತ ವಿಚಿತ್ರವಾದ ಗುಣವು ಇದರ ಸಂತಾನಕ್ರಮ. ಇದರಲ್ಲಿ ಗಂಡು ಹುಳು ಕಾಣಸಿಗುವುದು ಬಹು ಅಪರೂಪ. ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಮೊಟ್ಟೆಯಿಡುತ್ತವೆ. ಮರಿಗಳೆಲ್ಲವೂ ಹೆಣ್ಣಾಗಿಯೇ ಹುಟ್ಟುತ್ತವೆ. ಇದಕ್ಕೆ ಕಾರಣವು ಹುಳುವಿನ ಜೀವಕೋಶಗಳೊಳಗೆ ವಾಸಿಸುವ ವೋಲ್ಬಾಕಿಯ ಎಂಬ ಸೂಕ್ಷ್ಮಾಣು. ಔಷಧವನ್ನು ಉಣಿಸಿ ಈ ಸೂಕ್ಷ್ಮಾಣುವನ್ನು ಕೊಂದರೆ ಮೊಟ್ಟೆಗಳು ಒಡೆಯುವುದೇ ಇಲ್ಲವೆಂದು ೨೦೦೯ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ.

ಒಂದು ಹೆಣ್ಣು ಒಂದು ಸಲಕ್ಕೆ ಮೂವತ್ತರಿಂದ ಐವತ್ತು ಮೊಟ್ಟೆಗಳನ್ನು ಇಡುತ್ತದೆ. ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಏಳರಿಂದ ಹತ್ತು ದಿನಗಳೊಳಗೆ ಮರಿಗಳು ಹೊರಬರುತ್ತವೆ. ಮರಿಯು ರೂಪದಲ್ಲಿ ತಾಯಿಯಂತೆಯೇ ಇದ್ದು ಗಾತ್ರದಲ್ಲಿ ಮಾತ್ರ ಕಿರಿದು. ಚಿಟ್ಟೆಗಿರುವಂತೆ ಕಂಬಳಿಹುಳುವಿನ ಅವಸ್ಥೆ ಇದಕ್ಕಿಲ್ಲ. ಮೂರು ವಾರ ಕಳೆಯುತ್ತಲೇ ಅದೂ ಮೊಟ್ಟೆಯಿಡಲು ಸಮರ್ಥವಾಗುತ್ತದೆ. ಕೀಟಗಳು ಪ್ರಾಯಕ್ಕೆ ಬಂದ ಮೇಲೆ ಪೊರೆ ಕಳಚುವುದನ್ನು ನಿಲ್ಲಿಸುತ್ತವೆ. ಈ ಹುಳುವಾದರೋ ಆಯುಸ್ಸು ಮುಗಿಯುವವರೆಗೂ ಪೊರೆ ಕಳಚುತ್ತಲೇ ಇರುತ್ತದೆ. ಆ ಸಂದರ್ಭದಲ್ಲಿ ಕರುಳಿನ ಒಳಪದರವೂ ಹೊಸದಾಗುವುದರಿಂದ, ಅದರಲ್ಲಿ ಸಂಗ್ರಹವಾಗಿದ್ದ ಲೋಹದ ಒಂದಂಶವು ಹೊರಬೀಳುವುದು. ತಂಪಾದ ಸ್ಥಳದಲ್ಲಿ ಇದರ ಆಯುಸ್ಸು ಹೆಚ್ಚು. ಸೆಕೆ ಏರಿದಷ್ಟೂ ಆಯುಸ್ಸು ಕುಗ್ಗುವುದು.

೫. ಶಾಸ್ತ್ರಜ್ಞರು ಇದನ್ನೇ ಆರಿಸಿಕೊಂಡ ಕಾರಣ

ಒಂದು ಒಳ್ಳೆಯ ಮಾವಿನ ಮರದಿಂದ ಕಸಿ ಕಟ್ಟಿದ ಗಿಡಗಳೆಲ್ಲವೂ ತಾಯಿಮರದ ಗುಣವನ್ನೇ ಹೊಂದಿರುತ್ತವೆ. ಓಟೆ ನೆಟ್ಟು ಬೆಳೆಸಿದ ಗಿಡಗಳು ಹಾಗಲ್ಲ. ಹತ್ತು ಕಸಿಗಿಡಗಳನ್ನು ಹತ್ತು ಬಗೆಯ ಮಣ್ಣಿನಲ್ಲಿ ನೆಟ್ಟರೆ, ಬೆಳವಣಿಗೆಯಲ್ಲಿ ಕಾಣುವ ವ್ಯತ್ಯಾಸವು ಮಣ್ಣಿನದೇ ಹೊರತು ಗಿಡದ್ದಲ್ಲವೆಂದು ನಿಶ್ಚಯವಾಗಿ ಹೇಳಬಹುದು. ಗಂಡಿಲ್ಲದೆ ಹುಟ್ಟುವ ಈ ಹುಳುಗಳೂ ಕಸಿಗಿಡಗಳಂತೆಯೇ. ಇದೇ ಇವುಗಳ ಮೊದಲ ಯೋಗ್ಯತೆ. ಬೇಗನೆ ಹೆಚ್ಚುವುದು ಎರಡನೆಯದು. ಸಾಕುವ ಖರ್ಚು ಅತ್ಯಲ್ಪವಾಗಿರುವುದು ಮೂರನೆಯದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಇದ್ದಿಲ ಪುಡಿಯನ್ನು ನೀರಿನಲ್ಲಿ ಕಲಸಿ ಡಬ್ಬಿಯ ತಳಕ್ಕೆ ಎರಕ ಹೊಯ್ದು, ಅದನ್ನು ತೇವವಾಗಿಟ್ಟು, ರೊಟ್ಟಿಗೆ ಹಾಕುವ ಒಣ ಯೀಸ್ಟಿನ ಕೆಲವು ಕಾಳುಗಳನ್ನು ಉದುರಿಸಿದರೆ ಅವುಗಳ ಸಂಸಾರ ಸಾಗುತ್ತದೆ. ಇದ್ದಿಲು ತಳವನ್ನು ಕಪ್ಪಾಗಿಸುವುದರಿಂದ ಬಿಳಿಯ ಹುಳುಗಳು ಸ್ಪಷ್ಟವಾಗಿ ತೋರುತ್ತವೆ.

ಈ ಕಾರಣಗಳಿಂದ ಮಣ್ಣಿನ ವಿಷಪರೀಕ್ಷೆಗೆ ಇದು ಅಂಗೀಕೃತವಾದ ಜೀವಿಯಾಯಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೯೯ರಲ್ಲಿಯೂ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು ೨೦೦೯ರಲ್ಲಿಯೂ ಈ ಪರೀಕ್ಷೆಯ ಕ್ರಮವನ್ನು ವಿಧಿಸಿದವು. ಅದರ ಸಾರಾಂಶವು ಹೀಗಿದೆ. ಸುಮಾರು ೩೦ ಗ್ರಾಂ ತೇವದ ಮಣ್ಣಿನ ಪಾತ್ರೆಯಲ್ಲಿ ಹತ್ತು ಹನ್ನೆರಡು ದಿನ ವಯಸ್ಸಿನ ಹತ್ತು ಮರಿಗಳನ್ನು ಬಿಡುತ್ತಾರೆ. ಕೆಲವು ಪಾತ್ರೆಗಳ ಮಣ್ಣಿಗೆ ಪರೀಕ್ಷಿಸಬೇಕಾದ ವಸ್ತುವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಕೆಲವನ್ನು ಶುದ್ಧವಾಗಿಯೇ ಉಳಿಸುತ್ತಾರೆ. ೨೮ ದಿನಗಳ ಬಳಿಕ ನೀರು ಹೊಯ್ದು ಕದಡಿದರೆ, ನೀರು ಅಂಟದ ಮೈಯುಳ್ಳ ಹುಳುಗಳೆಲ್ಲ ತೇಲುತ್ತವೆ. ನೀರಿಗೆ ಕಪ್ಪು ಶಾಯಿ ಹಾಕಿ ಅವನ್ನು ಎಣಿಸುತ್ತಾರೆ. ಶುದ್ಧ ಮಣ್ಣಿನ ಪಾತ್ರೆಯಲ್ಲಿ ನೂರಕ್ಕೆ ಕಡಿಮೆಯಿಲ್ಲದಷ್ಟು ಮರಿಗಳು ಹುಟ್ಟಿರಬೇಕು. ಇಲ್ಲವಾದರೆ ಪರೀಕ್ಷೆಯೇ ಅಸಿಂಧು.

ಇಲ್ಲಿ ಒಂದು ಸೂಕ್ಷ್ಮವುಂಟು. ಎಷ್ಟು ಹುಳುಗಳು ಸತ್ತವೆಂಬುದಕ್ಕಿಂತ ಎಷ್ಟು ಮರಿಗಳು ಹುಟ್ಟಿದವೆಂಬುದನ್ನೇ ಈ ಪರೀಕ್ಷೆಯು ಮುಖ್ಯವಾಗಿ ನೋಡುತ್ತದೆ. ಹುಳುವನ್ನು ಕೊಲ್ಲಲಾರದ ಪ್ರಮಾಣದ ವಿಷವೂ ಅದರ ಸಂತಾನವನ್ನು ಕುಗ್ಗಿಸಬಲ್ಲದು. ಹಿರಿಯರು ನೆಮ್ಮದಿಯಾಗಿಯೇ ಓಡಾಡುತ್ತಿದ್ದರೂ ಮನೆಯಲ್ಲಿ ತೊಟ್ಟಿಲು ಕಟ್ಟುವುದು ನಿಂತರೆ ಆ ಮನೆತನದ ಗತಿ ಏನೆಂದು ಹೇಳಬೇಕಾಗಿಲ್ಲ.

ಈ ಹುಳುವಿನ ಆನುವಂಶಿಕ ಧಾತುವಿನ ಪೂರ್ಣ ವಿವರವು ೨೦೧೭ರಲ್ಲಿ ಪ್ರಕಟವಾಯಿತು. ಪೆನಿಸಿಲಿನ್ ವರ್ಗದ ಔಷಧಗಳನ್ನು ತಯಾರಿಸುವ ಸಾಮರ್ಥ್ಯದ ಅಂಶಗಳು ಅದರಲ್ಲಿರುವುದು ಶಾಸ್ತ್ರಜ್ಞರಿಗೆ ಆಶ್ಚರ್ಯವನ್ನುಂಟುಮಾಡಿತು. ಸೂಕ್ಷ್ಮಾಣುಗಳಿಂದ ತುಂಬಿದ ಮಣ್ಣಿನಲ್ಲಿ ಬಾಳಬೇಕಾದ ಜೀವಿಗೆ ಅದು ರಕ್ಷೆಯಾಗಿರಬಹುದೆಂದು ಊಹಿಸಲಾಗಿದೆ. ಕರ್ನಾಟಕದಲ್ಲಿಯೂ ಮಣ್ಣಿನ ಜೀವಿಗಳ ಅಧ್ಯಯನ ಹೊಸದಲ್ಲ; ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ಜಿ. ಕೆ. ವೀರೇಶ್ ಅವರು ಭಾರತದ ಮಣ್ಣಿನ ಜೀವಶಾಸ್ತ್ರದ ಬಗ್ಗೆ ಸಂಪಾದಿಸಿದ ಗ್ರಂಥವು ೧೯೮೧ರಲ್ಲಿಯೇ ಹೊರಬಂದಿತು.

೬. ಅಡಕೆ ತೋಟದ ತಾಮ್ರ

ಈಗ ಮೇಲೆ ಸೂಚಿಸಿದ ಮುಖ್ಯ ಪ್ರಶ್ನೆಗೆ ಬರೋಣ. ಅಡಕೆಯ ಕೊಳೆರೋಗದ ವಿಷಯವಾಗಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡಾ. ಲೆಸ್ಲಿ ಕೋಲ್ಮನ್ ಅವರು ೧೯೧೦ರಲ್ಲಿ ಪ್ರಕಟಿಸಿದ ಪುಸ್ತಿಕೆಯು ಪ್ರಸಿದ್ಧವಾದುದು. ಅಂದಿನಿಂದ ಬೋರ್ಡೋ ದ್ರಾವಣವು ಅಡಕೆ ಬೆಳೆಗಾರರ ಮುಖ್ಯ ಆಯುಧವಾಗಿ ಉಳಿದುಬಂದಿದೆ. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಸುರಿಯುವ ಉಡುಪಿ, ಕಾರ್ಕಳದ ಸೀಮೆಯಲ್ಲಿ ಮಹಾಳಿ ತಗುಲಿದರೆ ಗೊನೆಗೊನೆಯೇ ಉದುರಿಹೋಗುವುದನ್ನು ಕಂಡ ಯಾರೂ ಈ ದ್ರಾವಣವನ್ನು ಕೈಬಿಡಿರೆಂದು ಹೇಳಲಾರರು.

ಆದರೆ ತಾಮ್ರವು ಧಾತು. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಳೆಗೆ ಗೊನೆಯಿಂದ ತೊಳೆದುಹೋದ ತಾಮ್ರದ ಬಹುಭಾಗವು ಮೇಲ್ಮಣ್ಣಿನ ಜಿಗುಟಿಗೂ ಸೊಪ್ಪಿನ ಗೊಬ್ಬರಕ್ಕೂ ಅಂಟಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಯಜಮಾನರು ಒಂದು ಲೆಕ್ಕವನ್ನು ಮಾಡಿನೋಡಬಹುದು. ಶೇಕಡಾ ಒಂದರ ದ್ರಾವಣದ ೧೦೦ ಲೀಟರಿಗೆ ೧ ಕಿಲೋಗ್ರಾಂ ಮೈಲುತುತ್ತು ಬೇಕು. ಅದರಲ್ಲಿ ತಾಮ್ರವು ಕಾಲು ಪಾಲು. ಒಂದು ಎಕರೆ ತೋಟಕ್ಕೆ ಒಂದು ಸಲಕ್ಕೆ ೫೦೦ ಲೀಟರಿನಂತೆ ವರ್ಷಕ್ಕೆ ಎರಡು ಸಲ ಸಿಂಪಡಿಸಿದರೆ, ಮೈಲುತುತ್ತು ೧೦ ಕಿಲೋಗ್ರಾಂ, ತಾಮ್ರ ೨.೫ ಕಿಲೋಗ್ರಾಂ. ನಲವತ್ತು ವರ್ಷಗಳಿಗೆ ತಾಮ್ರವು ೧೦೦ ಕಿಲೋಗ್ರಾಂ ಆಗುವುದು. ಎಕರೆಯ ಆರು ಅಂಗುಲ ಮೇಲ್ಮಣ್ಣಿನ ತೂಕ ಸುಮಾರು ೯ ಲಕ್ಷ ಕಿಲೋಗ್ರಾಂ. ತಾಮ್ರವೆಲ್ಲ ಅದರಲ್ಲಿಯೇ ಉಳಿಯಿತೆಂದು ಭಾವಿಸಿದರೆ, ಪ್ರತಿ ಕಿಲೋಗ್ರಾಂ ಮಣ್ಣಿಗೆ ಸುಮಾರು ೧೧೦ ಮಿಲಿಗ್ರಾಂ ಹೊಸದಾಗಿ ಸೇರಿದಂತಾಯಿತು. ಕೊಚ್ಚಿಹೋಗುವ ಭಾಗವನ್ನು ಕಳೆದರೂ ಇದು ಅಲಕ್ಷಿಸತಕ್ಕ ಮೊತ್ತವಲ್ಲ. ಈ ದ್ರಾವಣದ ಹುಟ್ಟೂರಾದ ಫ್ರಾನ್ಸ್ ದೇಶದ ಬೋರ್ಡೋ ಸೀಮೆಯ ಹಳೆಯ ದ್ರಾಕ್ಷಿತೋಟಗಳಲ್ಲಿ ಹೀಗೆಯೇ ತಾಮ್ರವು ಸಂಗ್ರಹವಾಗಿದೆ. ಐರೋಪ್ಯ ಒಕ್ಕೂಟವು ೨೦೧೯ರಿಂದ ಏಳು ವರ್ಷಗಳ ಅವಧಿಗೆ ಹೆಕ್ಟೇರಿಗೆ ೨೮ ಕಿಲೋಗ್ರಾಂ ತಾಮ್ರವೆಂಬ ಮಿತಿಯನ್ನು ವಿಧಿಸಿತು. ಇದನ್ನು ಎಕರೆಗೆ ಇಳಿಸಿದರೆ ವರ್ಷಕ್ಕೆ ಸರಾಸರಿ ೧.೬ ಕಿಲೋಗ್ರಾಮಿನಷ್ಟಾಯಿತು.

ಮುರಕಲ್ಲಿನ ಮಣ್ಣು ಸ್ವಭಾವತಃ ಹುಳಿ. ಮಣ್ಣು ಹುಳಿಯಾದಷ್ಟೂ ತಾಮ್ರವು ಹೆಚ್ಚಾಗಿ ಕರಗಿ ಬೇರಿಗೂ ಹುಳುವಿಗೂ ತಗಲುವುದು. ಒಂದೇ ಪ್ರಮಾಣದ ತಾಮ್ರವು ಸುಣ್ಣದಂಶವಿರುವ ಮಣ್ಣಿನಲ್ಲಿ ನಿರುಪದ್ರವಿಯಾಗಿದ್ದು ಹುಳಿಮಣ್ಣಿನಲ್ಲಿ ಕೇಡಾಗಬಹುದು. ರಾಸಾಯನಿಕ ಪರೀಕ್ಷೆಯು ತಾಮ್ರವೆಷ್ಟಿದೆಯೆಂದು ಹೇಳುವುದು; ಆ ತಾಮ್ರವು ಜೀವಕ್ಕೆ ಎಷ್ಟರ ಮಟ್ಟಿಗೆ ತಟ್ಟುತ್ತಿದೆಯೆಂದು ಹೇಳತಕ್ಕದ್ದು ಜೀವಿಯೇ. ಹುಳುಪರೀಕ್ಷೆಯ ಪ್ರಯೋಜನವು ಇದರಲ್ಲಿದೆ. ತಾಮ್ರವನ್ನು ಎರೆಹುಳುವಿಗಿಂತ ಚಿಮ್ಮುಬಾಲದ ಹುಳುವು ಹೆಚ್ಚಾಗಿ ತಾಳಿಕೊಳ್ಳುವುದರಿಂದ, ಪ್ರಯೋಗಶಾಲೆಗಳಲ್ಲಿ ಎರಡನ್ನೂ ಜೊತೆಯಲ್ಲಿಯೇ ಪರೀಕ್ಷಿಸುವುದು ವಾಡಿಕೆ.

ಕೀಟನಾಶಕಗಳ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕು. ಗೊಣ್ಣೆಹುಳುವಿಗೆಂದು ಹಿಂದೆ ಬುಡಕ್ಕೆ ಹಾಕುತ್ತಿದ್ದ ಫೋರೇಟಿನ ಉಪಯೋಗವು ೨೦೨೦ರ ಅಂತ್ಯದಿಂದ ಭಾರತದಲ್ಲಿ ನಿಷಿದ್ಧವಾಗಿದೆ. ಮಣ್ಣಿಗೆ ಹಾಕುವ ಇತರ ಕೀಟನಾಶಕಗಳೂ ಶತ್ರು ಮಿತ್ರರೆಂಬ ಭೇದವನ್ನು ತಿಳಿಯವು. ಕಾಪುವಿಗೆ ಸಮೀಪದ ಮಟ್ಟುವಿನಲ್ಲಿ ಪ್ರಸಿದ್ಧವಾದ ಗುಳ್ಳ ಬದನೆಯನ್ನು ಬೆಳೆಯುವಂತಹ ಮರಳುಮಿಶ್ರಿತ ನೆಲದಲ್ಲಿ ಔಷಧವನ್ನು ಹಿಡಿದಿಡುವ ಜಿಗುಟು ಕಡಿಮೆಯಾದುದರಿಂದ, ಅಲ್ಲಿ ಸೊಪ್ಪು ಮತ್ತು ಹಟ್ಟಿಗೊಬ್ಬರದ ಅಗತ್ಯವು ಇನ್ನೂ ಹೆಚ್ಚು.

೭. ಗ್ರಾಮದಲ್ಲಿ ಮಾಡಬಹುದಾದ ಸುಲಭ ಪರೀಕ್ಷೆ

ಪ್ರಯೋಗಶಾಲೆಯ ಕ್ರಮವು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಇಟಲಿಯ ಬೆರ್ಲೇಸೆ ಮತ್ತು ಸ್ವೀಡನ್ನಿನ ಟುಲ್‌ಗ್ರೆನ್ ಎಂಬ ಪಂಡಿತರು ಕಂಡುಹಿಡಿದ ಆಲಿಕೆಯ ವಿಧಾನವು ಮನೆಯಲ್ಲಿಯೂ ಶಾಲೆಯಲ್ಲಿಯೂ ಸಾಧ್ಯ. ಅಗಲವಾದ ತಗಡಿನ ಆಲಿಕೆಯ ಬಾಯಿಗೆ ಸಣ್ಣ ಕಣ್ಣಿನ ತಂತಿಯ ಬಲೆಯನ್ನಿಟ್ಟು, ಅದರ ಮೇಲೆ ಎರಡು ಹಿಡಿ ಮೇಲ್ಮಣ್ಣನ್ನು ತರಗೆಲೆ ಸಹಿತವಾಗಿ ಹರಡತಕ್ಕದ್ದು. ಆಲಿಕೆಯ ಕೆಳಗೆ ಸ್ವಲ್ಪ ನೀರಿರುವ ಗಾಜಿನ ಲೋಟವನ್ನಿಡಬೇಕು. ಮಣ್ಣಿನಿಂದ ಒಂದು ಗೇಣು ಮೇಲೆ ಬಿಸಿಯಾಗುವ ಹಳೆಯ ಮಾದರಿಯ ವಿದ್ಯುದ್ದೀಪವನ್ನು ಉರಿಸಬೇಕು. ಮಣ್ಣು ಮೇಲಿನಿಂದ ಒಣಗುತ್ತ ಬಂದಂತೆ ಹುಳುಗಳು ತೇವವನ್ನರಸಿ ಕೆಳಗಿಳಿದು ಲೋಟಕ್ಕೆ ಬೀಳುತ್ತವೆ. ಎರಡು ಮೂರು ದಿನಗಳ ಬಳಿಕ ಲೋಟವನ್ನು ಕಪ್ಪು ಬಟ್ಟೆಯ ಮೇಲಿಟ್ಟು ಭೂತಗನ್ನಡಿಯಿಂದ ಎಣಿಸಬಹುದು.

ಹಳೆಯ ತೋಟದ ಅಡಕೆಯ ಬುಡ, ಹೊಸ ತೋಟದ ಬುಡ, ಕುಮ್ಕಿಯ ಮರಗಳ ನೆರಳು, ಈ ಮೂರು ಕಡೆಗಳ ಮಣ್ಣನ್ನು ಒಂದೇ ದಿನ, ಒಂದೇ ಆಳದಿಂದ, ಒಂದೇ ಅಳತೆಯಲ್ಲಿ ತೆಗೆದು ಹೋಲಿಸತಕ್ಕದ್ದು. ಮಳೆ ಹಿಡಿದು ಒಂದು ತಿಂಗಳಾದ ಮೇಲಿನ ಕಾಲವು ಇದಕ್ಕೆ ಅನುಕೂಲ. ಬೇಸಗೆಯಲ್ಲಿ ಹುಳುಗಳು ಆಳಕ್ಕೆ ಇಳಿದಿರುತ್ತವೆ.

ಫಲಿತಾಂಶದಿಂದ ಆತುರದ ನಿರ್ಣಯಕ್ಕೆ ಬರಕೂಡದು. ಹುಳು ಕಡಿಮೆಯಾಗುವುದಕ್ಕೆ ತಾಮ್ರವಲ್ಲದೆ ತೇವದ ಅಭಾವ, ಸೊಪ್ಪಿನ ಕೊರತೆ, ಅಗೆತ ಮೊದಲಾದ ಕಾರಣಗಳೂ ಉಂಟು. ಹಾಗೆಯೇ ಹುಳು ಹೆಚ್ಚಾದ ಮಾತ್ರಕ್ಕೆ ಮಣ್ಣು ಆರೋಗ್ಯವೆಂದೂ ಅಲ್ಲ. ಹಿಂದೆ ಡಿ.ಡಿ.ಟಿ. ಹಾಕಿದ ಹೊಲಗಳಲ್ಲಿ ಚಿಮ್ಮುಬಾಲದ ಹುಳುಗಳು ಮೊದಲಿಗಿಂತ ಹೆಚ್ಚಿದುದುಂಟು. ಅವನ್ನು ತಿನ್ನುತ್ತಿದ್ದ ನುಸಿಗಳು ವಿಷಕ್ಕೆ ಸತ್ತುದೇ ಅದಕ್ಕೆ ಕಾರಣವಾಗಿದ್ದಿತು. ಲೋಟದಲ್ಲಿ ನಾನಾ ಬಗೆಯ ಜೀವಿಗಳು ಕಂಡರೆ ಅದು ಒಳ್ಳೆಯ ಲಕ್ಷಣ. ಅಲ್ಲದೆ ಬಿಳಿಯದೆಲ್ಲವೂ ಫೋಲ್ಸೋಮಿಯ ಕ್ಯಾಂಡಿಡಾ ಅಲ್ಲ. ಜಾತಿಯ ನಿರ್ಣಯಕ್ಕೆ ಸೂಕ್ಷ್ಮದರ್ಶಕ ಯಂತ್ರವೂ ಅಭ್ಯಾಸವೂ ಬೇಕು.

೮. ಯಜಮಾನರು ಗಮನಿಸತಕ್ಕ ಅಂಶಗಳು

(೧) ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರದ ಅಂಕಿಯೂ ಇರುತ್ತದೆ. ಅದನ್ನು ಸಾಮಾನ್ಯವಾಗಿ ಕೊರತೆಯುಂಟೇ ಎಂದು ತಿಳಿಯುವುದಕ್ಕಾಗಿ ನೋಡುವರು. ಹಳೆಯ ಅಡಕೆ ತೋಟದವರು ಅದು ಪ್ರತಿ ಸಲವೂ ಏರುತ್ತಿದೆಯೇ ಎಂದೂ ನೋಡತಕ್ಕದ್ದು. ಹಳೆಯ ಚೀಟಿಗಳನ್ನು ಜೋಪಾನವಾಗಿಡಬೇಕು.

(೨) ಮಣ್ಣಿನ ಹುಳಿಯನ್ನು ಪರೀಕ್ಷಿಸಿ, ಸಲಹೆಯಂತೆ ಸುಣ್ಣವನ್ನು ಹಾಕಬೇಕು. ಇದರಿಂದ ಕೂಡಿಬಿದ್ದ ತಾಮ್ರದ ಉಪದ್ರವ ತಗ್ಗುವುದು.

(೩) ಬೋರ್ಡೋ ದ್ರಾವಣವನ್ನು ಅಳತೆ ತಪ್ಪದೆ ತಯಾರಿಸಬೇಕು. ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿದಾಗ ಕೆಂಪು ಲೇಪ ಹತ್ತಿದರೆ ತಾಮ್ರ ಕರಗಿಯೇ ಉಳಿದಿದೆಯೆಂದು ತಿಳಿದು, ಇನ್ನಷ್ಟು ಸುಣ್ಣದ ತಿಳಿಯನ್ನು ಬೆರೆಸಬೇಕು. ಗೊನೆಗೆ ತಾಗುವಂತೆ ಸಿಂಪಡಿಸುವುದೇ ಮುಖ್ಯ. ಬುಡಕ್ಕೆ ಸುರಿದುದು ರೋಗಕ್ಕೆ ಮದ್ದಲ್ಲ, ಮಣ್ಣಿಗೆ ಹೊರೆ.

(೪) ಮಿಕ್ಕ ದ್ರಾವಣವನ್ನು ಚೆಲ್ಲುವುದನ್ನೂ, ಪೀಪಾಯಿಗಳನ್ನು ವರ್ಷವರ್ಷವೂ ಒಂದೇ ಮೂಲೆಯಲ್ಲಾಗಲಿ ಬಾವಿಯ ಹತ್ತಿರವಾಗಲಿ ತೊಳೆಯುವುದನ್ನೂ ಬಿಡಬೇಕು.

(೫) ಮಲೆನಾಡಿನಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯು ಹಿಂದಿನಿಂದ ಬಂದುದು. ಸಾಧ್ಯವಿರುವ ಕಡೆ ಗೊನೆಗೆ ಹೊದಿಕೆ ಕಟ್ಟಿದರೆ ಸಿಂಪಡಣೆಯ ಭಾರ ಕಡಿಮೆಯಾಗುವುದು.

(೬) ಸೊಪ್ಪು, ತರಗೆಲೆಗಳನ್ನು ಬುಡದಿಂದ ಗುಡಿಸಿ ಸುಡಕೂಡದು. ಅವು ತಾಮ್ರವನ್ನು ಹಿಡಿದಿಡುವುದಲ್ಲದೆ ಮಣ್ಣಿನ ಜೀವಿಗಳಿಗೆ ಮನೆಯೂ ಆಹಾರವೂ ಆಗಿರುತ್ತವೆ.

ಸಂಶಯವಿದ್ದಲ್ಲಿ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರನ್ನೂ ಸಮೀಪದ ರೈತ ಸಂಪರ್ಕ ಕೇಂದ್ರದವರನ್ನೂ ವಿಚಾರಿಸಬಹುದು.

ಅಡಕೆಯ ಮರವು ನೆಟ್ಟವನಿಗಿಂತ ಹೆಚ್ಚಾಗಿ ಅವನ ಮಕ್ಕಳಿಗೆ ಫಲ ಕೊಡತಕ್ಕದ್ದು. ಮರಕ್ಕಿಂತಲೂ ಮಣ್ಣು ದೀರ್ಘಕಾಲದ ಆಸ್ತಿ. ಬಹಿಯಲ್ಲಿ ಬರೆಯದಿದ್ದರೂ ಮಣ್ಣಿನಲ್ಲಿ ಸಾಲ ಬೆಳೆಯುತ್ತಿರುವುದುಂಟು. ಅದು ಹಿರಿದಾಗುವುದಕ್ಕೆ ಮುಂಚೆಯೇ ತಿಳಿಸಿಕೊಡಲು ಎಳ್ಳಿನ ಕಾಳಿಗಿಂತ ಕಿರಿದಾದ ಒಂದು ಕುರುಡು ಹುಳು ಸಮರ್ಥವಾಗಿರುವಾಗ, ಗ್ರಾಮದ ಮುಖಂಡರು ಈ ಮಳೆಗಾಲದಲ್ಲಿ ಒಮ್ಮೆಯಾದರೂ ತರಗೆಲೆಯನ್ನು ಎತ್ತಿ ನೋಡುವುದೂ, ತಮ್ಮ ಶಾಲೆಯ ಮಕ್ಕಳಿಗೆ ತೋರಿಸುವುದೂ ಉಚಿತವಾಗಿದೆ.